ಬಾಗಬಾರದ ಪಟ್ಟಿಗಳು

ಇಷ್ಟು ವರ್ಷ ತಾನು ಮಾಡುತ್ತ ಬಂದದ್ದು ಫೈಬರ್ ಕೆಲಸ ಎಂದೇ ಗಂಜಾಮಿನ ಮುಬಾರಕ್ ನಂಬಿಕೊಂಡಿದ್ದ. ಅದು ಬರೀ ಫೈಬರ್ ಅಲ್ಲ, ‘ನಾರುಬಲಿತ ಸಂಯುಕ್ತ ವಸ್ತು’ ಎಂದು ತಿಳಿಸಿಕೊಟ್ಟವರು ಕಾವೇರಿ ಜಲವಿಹಾರ ಸಮಿತಿಯವರು. ಹೊಳೆಯಲ್ಲಿ ಪ್ರವಾಸಿಗಳನ್ನು ಸುತ್ತಾಡಿಸಲು ಆ ಸಮಿತಿಗೆ ಒಂದಷ್ಟು ಹೊಸ ತೆಪ್ಪ ಬೇಕಾಗಿದ್ದವು. ಬಿದಿರಿನ ತೆಪ್ಪ ಬೇಗ ಕೊಳೆಯುತ್ತದೆ, ಫೈಬರಿನದು ಮಕ್ಕಳ ಕಾಲಕ್ಕೂ ಬರುತ್ತದೆ ಎಂದು ಮುಬಾರಕ್ ಸಮಿತಿಯವರನ್ನು ಒಪ್ಪಿಸಿಯೂ ಆಗಿತ್ತು. ಅಷ್ಟರಲ್ಲಿ ಸಮಿತಿಯ ಕಾರ್ಯದರ್ಶಿ ಶಿವಶಂಕರ್ ಎಲ್ಲೋ ಏನೋ ಓದಿಬಿಟ್ಟರು. ಆ ವಸ್ತುವಿನ ಬಿಗುಪು, ಅಂದರೆ ಎಳೆದರೂ ಹಿಗ್ಗದೆ ಬಗ್ಗಿಸಿದರೂ ಬಗ್ಗದೆ ಸೆಟೆದು ನಿಲ್ಲುವ ಗುಣ, ಕನಿಷ್ಠ ಆರು ಇರಬೇಕು. ಆರು ಇದೆ ಎಂದು ಇಂಜಿನಿಯರಿಂಗ್ ಕಾಲೇಜಿನ ಮಿಷನ್ನು ಹೇಳಬೇಕು. ಮಿಷನ್ನು ಹೇಳಿದ್ದು ಬುಧವಾರದ ಸಭೆ ಮುಗಿಯುವುದರೊಳಗೆ ತಮಗೆ ತಲುಪಬೇಕು.

ಆರು ಅಂದರೆ ಆರು ಏನು, ಕೆಜಿಯೋ ಅಡಿಯೋ, ಎಂದು ಮುಬಾರಕ್ ಕೇಳಿದ್ದ. ಅದೆಲ್ಲ ನಿನಗೆ ಬೇಡ, ಆರು ಇದ್ದರೆ ಸಾಕು ಎಂದು ಶಿವಶಂಕರ್ ಮಾತು ಮುಗಿಸಿದ್ದರು. ಅವರಿಗೂ ಗೊತ್ತಿರಲಿಲ್ಲ ಎಂಬುದು ಅವರು ಗದರಿದ ರೀತಿಯಲ್ಲೇ ತಿಳಿಯುತ್ತಿತ್ತು.

ಮಿಷನ್ನು ಇದ್ದದ್ದು ನಾಗಮಂಗಲದ ಆಚೆಯ ಒಂದು ಕಾಲೇಜಿನಲ್ಲಿ. ಅಲ್ಲಿನ ಪ್ರಯೋಗಾಲಯ ನೋಡಿಕೊಳ್ಳುವ ಸ್ನೇಹ ಎಂಬ ಮೇಡಂ ಫೋನಿನಲ್ಲೇ ಎಲ್ಲ ವಿವರಿಸಿದ್ದರು. ತೆಪ್ಪಕ್ಕೆ ಹಾಕುವ ಅದೇ ನಾರು, ಅದೇ ಅಂಟಿನಿಂದ ಒಂದು ಚಪ್ಪಟೆ ಹಾಳೆ ಎರೆಯಬೇಕು. ಅದರಿಂದ ಎರಡು ಬೆರಳಗಲದ ತೆಳ್ಳನೆಯ ಪಟ್ಟಿಗಳನ್ನು ಕೊಯ್ದು ತರಬೇಕು. ಮಿಷನ್ನು ಪಟ್ಟಿಯ ಎರಡೂ ತುದಿ ಹಿಡಿದು ಎಳೆಯುತ್ತದೆ, ಎಷ್ಟು ಎಳೆದರೆ ಎಷ್ಟು ಹಿಗ್ಗಿತು ಎಂದು ಲೆಕ್ಕ ಹಾಕುತ್ತದೆ. ಕೊನೆಗೆ ಒಂದು ಮಾತು ಸೇರಿಸಿದ್ದರು: “ಯಾವ ಕಾರಣಕ್ಕೂ ಬಗ್ಗಿಸಬೇಡಿ. ಒಂದು ಸಲ ಬಗ್ಗಿಸಿದ್ರೂ ಒಳಗೊಳಗೇ ಬಿರುಕು ಬಿಡತ್ತೆ, ಕಣ್ಣಿಗೆ ಕಾಣಲ್ಲ.”

ಈ ಆರ್ಡರು ಮುಬಾರಕನಿಗೆ ಬರೀ ಆರ್ಡರಾಗಿರಲಿಲ್ಲ. ಪ್ಲಾಸ್ಟಿಕ್ ಬಾಗಿಲು ಬಂದು ಅವನ ಫೈಬರ್ ಬಾಗಿಲನ್ನು ನುಂಗಿತ್ತು. ಶೆಡ್ಡಿನಲ್ಲಿ ಈಗ ಕೆಲಸಕ್ಕಿಂತ ಬೆಕ್ಕುಗಳೇ ಹೆಚ್ಚಾಗಿದ್ದವು. ಹೆಂಡತಿ ಸಾಬಿರಾಳ ಅಣ್ಣ ಸರ್ದಾರ್ ಪಾಷಾ ಲಗೇಜ್ ಆಟೋಗಳ ಮಾಲೀಕ. ಬುಧವಾರ ಆರ್ಡರು ಆಗದಿದ್ದರೆ ಶೆಡ್ಡಿಗೆ ಬೀಗ ಹಾಕಿ ಮಾರನೆಯ ದಿನವೇ ತನ್ನ ಆಟೋ ಓಡಿಸಬೇಕು ಎಂದು ಅವನು ತೀರ್ಪು ಕೊಟ್ಟಿದ್ದ. ಆಟೋ ಓಡಿಸುವುದರಲ್ಲಿ ಮುಬಾರಕನಿಗೆ ಅವಮಾನ ಕಂಡಿರಲಿಲ್ಲ. ಸರ್ದಾರ್ ಪಾಷಾನ ಆಟೋ ಓಡಿಸುವುದಿತ್ತಲ್ಲ, ಅದು ಬೇರೆ ವಿಷಯ. ಅವನು ಒಂದು ಲೋಟ ನೀರು ಕೊಟ್ಟರೂ ಮೈಕು ಹಿಡಿದು ಕೊಟ್ಟ ಹಾಗಿರುತ್ತಿತ್ತು. ಮನೆಯವರೊಂದಿಗೆ ಉರ್ದು ಮಾತಾಡುತ್ತಿದ್ದವನು ಬೈಯುವಾಗ ಮಾತ್ರ ಕನ್ನಡಕ್ಕೆ ತಿರುಗುತ್ತಿದ್ದ, ಬೀದಿಗೆಲ್ಲ ಅರ್ಥವಾಗಲಿ ಎಂದು.

ಬುಧವಾರ ಬೆಳಿಗ್ಗೆ ಮುಬಾರಕ್ ಎದ್ದು ನೋಡಿದರೆ, ಒಣಗಲು ಕಾಂಪೌಂಡಿನ ಮೇಲಿಟ್ಟಿದ್ದ ನಾಲ್ಕು ಪಟ್ಟಿಗಳಲ್ಲಿ ಒಂದು ಇರಲಿಲ್ಲ. ಸಾಬಿರಾಳನ್ನು ಕೇಳಿದ. ಅವಳು ಗಲ್ಲವನ್ನು ಪಕ್ಕದ ಮನೆಯ ಕಡೆ ತಿರುಗಿಸಿದಳು.

ಪಕ್ಕದ ಮನೆಯ ಸಿದ್ದಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚರಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಪಟ್ಟಿ. ಅದು ಚಪ್ಪಡಿಯ ಕೆಳಗೆ ನುಗ್ಗಿ, ಮೂಲೆಯಲ್ಲಿ ತಿರುಗಿ, ಬಿಲ್ಲಿನ ಹಾಗೆ ಬಗ್ಗಿಕೊಂಡು ಒಂದು ಗುಡ್ಡೆ ಕಸವನ್ನು ಹೊರಗೆಳೆದು ತರುತ್ತಿತ್ತು.

“ಎಂಥಾ ವಸ್ತು ಮಾಡಿದ್ದೀಯಪ್ಪ ಮುಬಾರಕ್ಕು. ಕಬ್ಬಿಣದ ಸರಳು ವೋಗದ ಮೂಲೆಗೆಲ್ಲ ಓಯ್ತದೆ. ಎಂಗ್ ಬಗ್ತದೆ ನೋಡು, ಹಸೀ ಮಗ ಬಗ್ದಂಗೆ.”

ಇಷ್ಟು ವರ್ಷಗಳ ನೆರೆಹೊರೆಯಲ್ಲಿ ಸಿದ್ದಲಿಂಗಮ್ಮ ಅವನ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಅದನ್ನೂ ಇರಬಾರದ ಗುಣಕ್ಕೇ ಹೊಗಳಿದ್ದರು. ಮುಬಾರಕ್ ಕೈಮುಗಿದು ಪಟ್ಟಿ ಕೇಳಿದಾಗ ಆಯಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಚೆನ್ನಾಗಿ ಸೋಪು ಹಾಕಿ ಉಜ್ಜಿ, ಸೆರಗಿನಲ್ಲಿ ಒರೆಸಿ ಕೊಟ್ಟರು. ಇಷ್ಟಕ್ಕೇ ಹೆದರುವ ವಸ್ತುವಿನಲ್ಲಿ ಜನರನ್ನು ಕೂರಿಸಿ ಹೊಳೆಗೆ ಬಿಡುತ್ತೀಯಾ ಎಂದು ಮಾತ್ರ ಕೇಳಿದರು. ಪಟ್ಟಿಯ ನಡುವೆ, ಬಗ್ಗಿದ್ದ ಕಡೆ, ಹೊಗೆಯೆಳೆದಂತೆ ಒಂದು ಬಿಳಿ ಗೆರೆ ಮೂಡಿತ್ತು. ಕಣ್ಣಿಗೆ ಕಾಣಲ್ಲ ಅಂದಿದ್ದರು ಮೇಡಂ. ಇದು ಬೀದಿಯ ಆ ತುದಿಯಿಂದಲೂ ಕಾಣುವ ಹಾಗಿತ್ತು.

ಹೋಗಲಿ, ಮೂರಿವೆ ಎಂದುಕೊಳ್ಳುವಷ್ಟರಲ್ಲಿ ಸರ್ದಾರ್ ಪಾಷಾ ಬಂದ. ಬಂದವನು ಮೊದಲು ಉರ್ದುವಿನಲ್ಲಿ ತಂಗಿಯ ಯೋಗಕ್ಷೇಮ ವಿಚಾರಿಸಿದ. ಆಮೇಲೆ ಪಟ್ಟಿಗಳನ್ನು ಕಂಡು ಕನ್ನಡಕ್ಕೆ ತಿರುಗಿದ. ಮುಬಾರಕನಿಗೆ ಅರ್ಥವಾಯಿತು. ಓಡಿಬಂದ. ಬರುವುದರೊಳಗೆ ಭಾವಮೈದುನ ಎರಡು ಇಟ್ಟಿಗೆ ನಿಲ್ಲಿಸಿ, ಮೇಲೆ ಒಂದು ಪಟ್ಟಿ ಅಡ್ಡ ಮಲಗಿಸಿ, ಅದರ ನಡುವೆ ಒಂದು ಕಾಲಿಟ್ಟು ನಿಂತಾಗಿತ್ತು.

“ನೋಡ್ರಪ್ಪ, ಬಗ್ಗೋಯ್ತು. ನನ್ನೊಬ್ಬನ್ನೇ ತಡ್ಕಳಾಕಾಗ್ದು, ಇದು ಹೊಳೇಲಿ ಒಂದು ಸಂಸಾರ ಹೊರ್ತದಂತೆ.”

ತೆಪ್ಪ ದಪ್ಪಗಿರುತ್ತದೆ, ದುಂಡಗಿರುತ್ತದೆ, ಅದಕ್ಕೂ ಇದಕ್ಕೂ ರೊಟ್ಟಿ ಹಂಚಿಗೂ ಹಪ್ಪಳಕ್ಕೂ ಇರುವಷ್ಟು ವ್ಯತ್ಯಾಸ ಎಂದು ಮುಬಾರಕ್ ಹೇಳಿದ. ಬೀದಿಯಲ್ಲಿ ನಿಂತವರು ಕಂಡದ್ದು ಬಗ್ಗಿದ ಪಟ್ಟಿಯನ್ನೇ. ಯಾರೋ ನಕ್ಕರು. ಸರ್ದಾರ್ ಪಾಷಾ ಇಳಿದು, ನಾಳೆ ಬೆಳಿಗ್ಗೆ ಟೊಮೆಟೊ ಲೋಡು ಇದೆ, ಬೇಗ ಮಲಗು ಎಂದು ಬುದ್ಧಿ ಹೇಳಿ ಹೊರಟ. ಎರಡನೆಯ ಪಟ್ಟಿಗೂ ಬಿಳಿ ಗೆರೆ ಬಂದಿತ್ತು.

ಉಳಿದದ್ದು ಎರಡು. ಕೆಟ್ಟವನ್ನು ಬಿಟ್ಟುಹೋಗಲೂ ಮನಸ್ಸಾಗದೆ ನಾಲ್ಕನ್ನೂ ಸಾಬಿರಾಳ ಹಳೆಯ ದುಪಟ್ಟಾದಲ್ಲಿ ಸುತ್ತಿ, ಬಾಣಂತಿ ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಮುಬಾರಕ್ ನಾಗಮಂಗಲದ ಬಸ್ಸು ಹತ್ತಿದ. ಪಾಂಡವಪುರದವರೆಗೆ ಯಾರೂ ಅವನನ್ನು ಮಾತಾಡಿಸಲಿಲ್ಲ. ಅಲ್ಲಿ ಹತ್ತಿದರು ಕ್ಯಾತನಹಳ್ಳಿಯ ಚಿಕ್ಕಸ್ವಾಮಿ. ಕಬ್ಬು ಬೆಳೆಯುವ ಮನುಷ್ಯ, ಹೊಳೆಯ ಸದ್ದಿನ ಪಕ್ಕ ಮಾತಾಡಿ ಮಾತಾಡಿ ಬೆಳೆದ ಗಂಟಲು. ಪಕ್ಕದಲ್ಲಿ ಕೂತು, ದುಪಟ್ಟಾದಿಂದ ಇಣುಕುತ್ತಿದ್ದ ತುದಿಗಳನ್ನು ನೋಡಿ, ಏನದು ಎಂದು ಕೇಳಿದರು. ಮುಬಾರಕ್ ಏನಿಲ್ಲ ಅಂದ. ಅದೇ ಅವನು ಮಾಡಿದ ತಪ್ಪು. ಮಂಡ್ಯ ಸೀಮೆಯ ಬಸ್ಸಿನಲ್ಲಿ ಏನಿಲ್ಲ ಎಂದವನ ಗಂಟು ಬಿಚ್ಚದೆ ಇಳಿದವರಿಲ್ಲ.

“ತಗಿ ಮತ್ತೆ, ಏನಿಲ್ದಿದ್ದ ಮ್ಯಾಲೆ ನೋಡಾದ್ರಲ್ಲಿ ಏನೈತೆ,” ಎಂದು ಚಿಕ್ಕಸ್ವಾಮಿ ಒಂದನ್ನು ಎಳೆದೇಬಿಟ್ಟರು.

ಕಬ್ಬಿನ ಸೀಮೆಯಲ್ಲಿ ಉದ್ದಗೆ ತೆಳ್ಳಗೆ ಇರುವುದು ಯಾವುದೇ ಕೈಗೆ ಸಿಕ್ಕಲಿ, ಅದನ್ನು ಮೊಣಕಾಲಿಗೆ ಕೊಟ್ಟು ಒಂದು ಸಲ ಬಗ್ಗಿಸಿ ನೋಡದೆ ಯಾರೂ ಕೆಳಗಿಡುವುದಿಲ್ಲ. ಅದು ಕೆಟ್ಟತನವಲ್ಲ, ಮರ್ಯಾದೆ. ಹಾಗೇ ವಾಪಸ್ಸು ಕೊಟ್ಟರೆ ವಸ್ತುವನ್ನೂ ಅದರ ಒಡೆಯನನ್ನೂ ಕಡೆಗಣಿಸಿದಂತೆ. ಚಿಕ್ಕಸ್ವಾಮಿ ಮರ್ಯಾದಸ್ತರು. ಬಗ್ಗಿಸಿದರು, ಬಿಟ್ಟರು, ಅದು ಟಪ್ಪೆಂದು ನೆಟ್ಟಗಾಯಿತು. ಮೆಚ್ಚಿ ಹಿಂದಿನ ಸೀಟಿಗೆ ದಾಟಿಸಿದರು. ಹಿಂದಿನವರೂ ಮರ್ಯಾದಸ್ತರೇ. ಮುಬಾರಕ್ ಅದನ್ನು ಹಿಡಿಯಲು ಎದ್ದಾಗ ಗಂಟು ಜಾರಿ ಉಳಿದವೂ ಬಿದ್ದವು. ಬಿದ್ದದ್ದನ್ನು ಎತ್ತಿಕೊಟ್ಟವರೂ ಸುಮ್ಮನೆ ಕೊಡಲಿಲ್ಲ.

ಬಗ್ಗಿಸಬೇಡಿ ಎಂದು ಅವನು ಕೂಗಿದಷ್ಟೂ ಬಗ್ಗುವುದಿಲ್ಲ ಎಂದು ಪಂಥ ಕಟ್ಟಿದಂತೆ ಜನಕ್ಕೆ ಕೇಳಿಸಿತು. ಒಬ್ಬ ಎರಡೂ ಕೈಯಿಂದ, ಒಬ್ಬ ಸೀಟಿನ ಕಂಬಿಗೆ ಕೊಟ್ಟು, ಒಬ್ಬ ಮುದುಕ ಬೆನ್ನಿನ ಮೇಲ್ಭಾಗ ಕೆರೆದುಕೊಳ್ಳುತ್ತ, ಎಲ್ಲರೂ ತಂತಮ್ಮ ಅಭಿಪ್ರಾಯ ಕೊಟ್ಟರು. ಬಿದಿರೇ ವಾಸಿ ಎಂದು ಒಂದು ಪಕ್ಷ, ಅಡಿಕೆ ದಬ್ಬೆ ವಾಸಿ ಎಂದು ಇನ್ನೊಂದು. ಕಂಡಕ್ಟರು ಯಾವ ಪಕ್ಷಕ್ಕೂ ಸೇರದೆ ಒಂದನ್ನು ತೆಗೆದುಕೊಂಡು ಹೋಗಿ, ಗಡಗಡ ಅಲ್ಲಾಡುತ್ತಿದ್ದ ಬಾಗಿಲ ಸಂದಿಗೆ ತುರುಕಿದ. ಬಾಗಿಲು ಸುಮ್ಮನಾಯಿತು. ಇಷ್ಟು ದಿನಕ್ಕೆ ಒಂದು ಒಳ್ಳೆ ಸಾಮಾನು ಸಿಕ್ಕಿತೆಂದು ಡ್ರೈವರು ಮುಂದಿನಿಂದಲೇ ಹೇಳಿದ.

ನಾಲ್ಕೂ ಮತ್ತೆ ಕೈಗೆ ಬಂದಾಗ ಒಂದೊಂದಕ್ಕೂ ಒಂದು ಮೊಳ ಬಿಳಿ ಗೆರೆ. ಮಿಷನ್ನಿಗೆ ಮುಂಚೆ ಅರ್ಧ ತಾಲೂಕು ಟೆಸ್ಟ್ ಮಾಡಿ ಮುಗಿಸಿತ್ತು. ಹೊಸ ಹಾಳೆ ಎರೆದು ಒಣಗಿಸಲು ದಿನಗಳು ಬೇಕು. ಸಭೆ ಇವತ್ತೇ. ಮುಬಾರಕ್ ದುಪಟ್ಟಾವನ್ನು ಮುಖಕ್ಕೆ ಒತ್ತಿಕೊಂಡ. ಆಗ ಚಿಕ್ಕಸ್ವಾಮಿ ಮೊದಲ ಸಲ ದನಿ ತಗ್ಗಿಸಿ ವಿಷಯವೇನೆಂದು ಕೇಳಿದರು. ಅವನು ಎಲ್ಲ ಹೇಳಿದ. ಆರು, ಸಭೆ, ಶೆಡ್ಡು, ಟೊಮೆಟೊ ಲೋಡು. ಚಿಕ್ಕಸ್ವಾಮಿಯವರ ಕಣ್ಣು ತೇವವಾದವು. ಅವರ ಕುತೂಹಲಕ್ಕಿಂತ ಪಶ್ಚಾತ್ತಾಪ ಹೆಚ್ಚು ಅಪಾಯಕಾರಿ ಎಂಬುದು ಮುಬಾರಕನಿಗೆ ಇನ್ನೂ ಗೊತ್ತಿರಲಿಲ್ಲ.

ಜಕ್ಕನಹಳ್ಳಿಯಲ್ಲಿ ಬಸ್ಸು ಕಾಫಿಗೆ ನಿಂತಿತು. ಚಿಕ್ಕಸ್ವಾಮಿ ಅವನ ರಟ್ಟೆ ಹಿಡಿದು ಮಾಯಮ್ಮನ ಹೋಟೆಲಿಗೆ ಕರೆದೊಯ್ದು, ಮುಂದಿದ್ದ ಬೆಂಚಿನ ಮೇಲೆ ಕೂರಿಸಿದರು. ಉದ್ದನೆಯ ಬಿಳಿ ಬೆಂಚು, ಎರಡು ತುದಿಗೆ ಎರಡು ಕಲ್ಲು. ಮೇಲೆ ಒಂದು ಸಾಲು ದಪ್ಪ ಜನ ಕೂತು ವಡೆ ತಿನ್ನುತ್ತಿದ್ದರು. ಬೆಂಚು ಕೂದಲೆಳೆಯಷ್ಟೂ ತಗ್ಗಿರಲಿಲ್ಲ. ಮುಬಾರಕನ ಅಳು ತಾನಾಗಿ ನಿಂತಿತು. ಬಗ್ಗಿ ಬೆಂಚಿನ ಮುರಿದ ಅಂಚನ್ನು ನೋಡಿದ. ಫೈಬರೇ. ಅವನು ಹಾಕುತ್ತಿದ್ದ ನಾರು ಕೋಳಿ ಕೆದರಿದ ಹುಲ್ಲಿನ ಹಾಗೆ ಅಡ್ಡಾದಿಡ್ಡಿ ಇರುತ್ತಿತ್ತು. ಇದರಲ್ಲಿ ಎಣ್ಣೆ ಹಾಕಿ ಬಾಚಿದ ತಲೆಯಂತೆ ಎಲ್ಲ ಎಳೆಯೂ ಒಂದೇ ದಿಕ್ಕಿಗೆ ಮಲಗಿತ್ತು.

ಗಾಳಿಯಂತ್ರದ ರೆಕ್ಕೆ ಅದು ಎಂದು ಮಾಯಮ್ಮ ಹೇಳಿದರು. ಯಾವುದೋ ಉದ್ದನೆಯ ಲಾರಿ ರೆಕ್ಕೆ ಹೊತ್ತು ಬಂದು, ತಿರುವಿನಲ್ಲಿ ಸಿಕ್ಕಿಕೊಂಡು, ತುದಿ ಮುರಿದುಕೊಂಡು, ಮುರಿದದ್ದನ್ನು ಬಿಟ್ಟು ಹೋಗಿತ್ತಂತೆ.

ಚಿಕ್ಕಸ್ವಾಮಿ ಮುಬಾರಕನ ಮುಖ ನೋಡಿದರು, ಬೆಂಚು ನೋಡಿದರು.

“ಇದ್ರಲ್ಲೇ ಒಂದು ಸೀಳು ಕುಯ್ಕಳ್ಲಾ.”

“ಅದು ನಂದಲ್ಲಣ್ಣ.”

“ಮಿಷನ್ನೇನು ನಿನ್ ಆಧಾರ್ ಕಾರ್ಡ್ ಕೇಳ್ತದಾ. ನಾನ್ ಕೇಳ್ತೀನಿ ಯೋಳು. ನೀನ್ ಮಾಡೋ ತೆಪ್ಪ ಮುಳುಗ್ತದೇನ್ಲಾ?”

“ಇಲ್ಲಣ್ಣ.”

“ಸೋರ್ತದಾ?”

“ಒಂದು ತೊಟ್ಟೂ ಇಲ್ಲ.”

“ಮತ್ತೆ ಯಾರ್ಗ್ಲಾ ಮೋಸ ಇದು? ಒಳ್ಳೆ ತೆಪ್ಪುಕ್ಕೆ ಒಂದ್ ಒಳ್ಳೆ ನಂಬರ್ ಕೊಡುಸ್ತಾ ಇವ್ನಿ, ಅಷ್ಟೆ. ನಿನ್ ಪಟ್ಟೀನ ಕೆಡಿಸ್ದೋರು ನಾವು. ನಾವೇ ಸರಿ ಮಾಡ್ಬೇಕು.”

ಮುಬಾರಕ್ ಬೇಡ ಅನ್ನಬಹುದಿತ್ತು. ಆದರೆ ದುಪಟ್ಟಾದಲ್ಲಿದ್ದ ನಾಲ್ಕು ಬಿಳಿ ಗೆರೆಗಳು ಅವನ ಕೈಯ ಮೇಲೆ ಅವನಿಗಿದ್ದ ನಂಬಿಕೆಯನ್ನು ಅಲ್ಲಿಗೆ ಮುಗಿಸಿದ್ದವು. ಬಗ್ಗದಿದ್ದಾಗಲಾದರೂ ಆರು ಬರುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು. ಪಕ್ಕದ ಪಂಕ್ಚರ್ ಅಂಗಡಿಯಿಂದ ಗರಗಸ ಬಂತು. ವಡೆ ತಿನ್ನುತ್ತಿದ್ದವರು ಎದ್ದು ಬೆಂಚಿನ ಒಂದು ಕಡೆ ಹಿಡಿದರು, ಇನ್ನೊಂದು ಕಡೆ ಬಸ್ಸಿನ ಡ್ರೈವರೇ ಹಿಡಿದ. ಹಾಗಾಗಿ ಬಸ್ಸು ಬಿಟ್ಟುಹೋಗುವ ಹೆದರಿಕೆ ಇರಲಿಲ್ಲ. ರೆಕ್ಕೆ ಗರಗಸದ ಹಲ್ಲುಗಳನ್ನು ಒಂದೊಂದಾಗಿ ತಿಂದು, ಕೊನೆಗೆ ಒಂದು ತೆಳ್ಳನೆಯ ಸೀಳನ್ನು ಬಿಟ್ಟುಕೊಟ್ಟಿತು. ಮಾಯಮ್ಮ ಕೇಳಿದ್ದು ಇಷ್ಟೇ: ಕೊಯ್ದ ಅಂಚನ್ನು ಉಜ್ಜಿ ನುಣ್ಣಗೆ ಮಾಡಿ ಹೋಗಬೇಕು, ಸೀರೆ ಹರಿಯಬಾರದು. ಅದನ್ನೂ ಮುಬಾರಕ್ ಮಾಡಿದ. ಆ ಸೀಳನ್ನು ಮೊಣಕಾಲಿಗೆ ಕೊಡಲು ಬಸ್ಸಿನಲ್ಲಿ ಮೂವರು ಪ್ರಯತ್ನಪಟ್ಟರು. ಮೊಣಕಾಲು ಉಜ್ಜಿಕೊಂಡು ಸುಮ್ಮನೆ ಕೂತರು.

ಕಾಲೇಜಿನ ಪ್ರಯೋಗಾಲಯ ತಣ್ಣಗೆ, ಆಸ್ಪತ್ರೆಯ ಹಾಗಿತ್ತು. ಸ್ನೇಹ ಮೇಡಂ ವಯಸ್ಸಿನಲ್ಲಿ ಅವನ ತಂಗಿಯಂತಿದ್ದರು, ದಣಿದಿದ್ದರು. ದಾರಿಯುದ್ದಕ್ಕೂ ಬಿಳಿ ಬಣ್ಣ ಕೆರೆದು ತೆಗೆದಿದ್ದ ಸೀಳನ್ನು ಅವನು ಮುಂದಿಟ್ಟ. ಅವರು ಅದರ ಅಗಲ, ದಪ್ಪ ಅಳೆದು, ಮಿಷನ್ನಿನ ಎರಡು ದವಡೆಗಳ ನಡುವೆ ನೆಟ್ಟಗೆ ನಿಲ್ಲಿಸಿ, ನಡುವೆ ಒಂದು ಪುಟ್ಟ ಚಿಮಟ ಸಿಕ್ಕಿಸಿದರು. ಹಿಗ್ಗಿದ್ದನ್ನು ಅಳೆಯುವುದು ಅದೇ ಅಂತೆ. ಅಷ್ಟರಲ್ಲಿ ಶಿವಶಂಕರ್ ಫೋನು ಮಾಡಿದರು. ಸಭೆ ಬೋಂಡದವರೆಗೆ ಬಂದಿದೆ, ಕಾಫಿ ಕುಡಿದರೆ ಎಲ್ಲರೂ ಏಳುತ್ತಾರೆ, ನಂಬರು ಎಲ್ಲಿ ಎಂದರು.

ಮಿಷನ್ನು ಗುಂಯ್ ಎಂದಿತು. ಪರದೆಯ ಮೇಲೆ ಒಂದು ಗೆರೆ ಹುಟ್ಟಿ, ಮರ ಹತ್ತುವ ಅಳಿಲಿನ ಹಾಗೆ ನೆಟ್ಟಗೆ ಮೇಲಕ್ಕೆ ಓಡಿತು. ಸ್ನೇಹ ಮೇಡಂ ಕುರ್ಚಿ ಹತ್ತಿರ ಎಳೆದುಕೊಂಡರು.

“ಮೂವತ್ತೆಂಟು ಬರ್ತಿದೆ. ಇದು ನೀವೇ ಮಾಡಿದ್ದಾ? ಕೈಯಲ್ಲಿ?”

ಮುಬಾರಕ್ ದುಪಟ್ಟಾದ ಗಂಟನ್ನು ಒಂದು ಪಕ್ಕಕ್ಕೆ ಸರಿಸಿಟ್ಟ. “ಹೂಂ ಮೇಡಂ,” ಅಂದ.

ಅವರು ಅವನನ್ನು ಒಂದು ಕ್ಷಣ ಗೌರವದಿಂದ ನೋಡಿದರು. ಅವನನ್ನು ಯಾರೂ ಹಾಗೆ ನೋಡಿ ಬಹಳ ಕಾಲವಾಗಿತ್ತು. ಅದು ಬೆಂಚಿಗೆ ಸಲ್ಲಬೇಕಾದ ಗೌರವ ಎಂದು ಅವನಿಗೆ ಗೊತ್ತಿತ್ತು, ಆದರೂ ಬೆಚ್ಚಗಿತ್ತು. ವರದಿ ಕಂಪ್ಯೂಟರಿನಿಂದಲೇ ಸಮಿತಿಗೆ ಹೋಯಿತು. ಕಾಫಿಗಿಂತ ಮುಂಚೆ ತಲುಪಿತೆಂದು ಶಿವಶಂಕರರಿಂದ ಒಂದು ಹೆಬ್ಬೆರಳಿನ ಚಿತ್ರವೂ ಬಂತು.

ಮುಬಾರಕ್ ಹೊರಗಿನ ಬೇವಿನ ಮರದ ಕೆಳಗೆ ನಿಂತು ಸರ್ದಾರ್ ಪಾಷಾಗೆ ಫೋನು ಮಾಡಿದ. ಹೇಳಬೇಕೆಂದು ವರ್ಷಗಟ್ಟಲೆ ಕೂಡಿಟ್ಟಿದ್ದ ಮಾತುಗಳು ಒಂದರ ಮೇಲೊಂದು ಬಂದವು. ಉರ್ದುವಿನಲ್ಲಿ ಶುರು ಮಾಡಿದವನು ಬೇಕೆಂದೇ ಕನ್ನಡಕ್ಕೆ ತಿರುಗಿದ. ಅಲ್ಲಿ ಬೀದಿ ಇರಲಿಲ್ಲ, ಇಬ್ಬರು ವಿದ್ಯಾರ್ಥಿಗಳಿದ್ದರು. ಅವರಿಗಾದರೂ ಅರ್ಥವಾಗಲಿ.

“ಆರು ಕೇಳಿದ್ರು ಭಾಯ್, ಮೂವತ್ತೆಂಟು ಕೊಟ್ಟೆ. ನಿಮ್ ಆಟೋ ಯಾರಿಗ್ ಬೇಕಾದ್ರೂ ಕೊಟ್ಕಳಿ. ನಾನು ಇನ್ನೊಬ್ರ ಸ್ಟೇರಿಂಗ್ ಹಿಡಿಯೋನಲ್ಲ.”

ಆ ಕಡೆಯಿಂದ ಸರ್ದಾರ್ ಪಾಷಾ, ಅವನಂಥವನು, ಮೆತ್ತಗೆ ಮಾಷಾ ಅಲ್ಲಾ ಎಂದ.

ದುಪಟ್ಟಾ ತೆಗೆದುಕೊಳ್ಳಲು ಒಳಗೆ ಹೋದರೆ ಸ್ನೇಹ ಮೇಡಂ ಅದನ್ನು ಬಿಚ್ಚಿ ಒಳಗಿನ ನಾಲ್ಕು ಪಟ್ಟಿಗಳನ್ನು ನೋಡುತ್ತಿದ್ದರು. ಇವೂ ನಿಮ್ಮವೇನಾ, ಮಿಷನ್ನು ಹೇಗೂ ಚಾಲೂ ಇದೆ, ಇವನ್ನೂ ಹಾಕಿಬಿಡಲಾ ಎಂದರು. ಬೇಡ, ಅವು ಕೆಟ್ಟವು, ದಾರಿಯಲ್ಲಿ ಬಗ್ಗಿಹೋದವು ಎಂದು ಮುಬಾರಕ್ ಎಷ್ಟು ಹೇಳಿದರೂ ಕೇಳಲಿಲ್ಲ. ತಮ್ಮ ಕುತೂಹಲಕ್ಕೆ ಎಂದರು. ಎಲ್ಲಕ್ಕಿಂತ ಹೆಚ್ಚು ಬಗ್ಗಿದ್ದನ್ನೇ, ಸಿದ್ದಲಿಂಗಮ್ಮನ ಚರಂಡಿಗಿಳಿದು ಬಂದಿದ್ದನ್ನೇ, ಮೊದಲು ಹಾಕಿದರು.

“ಇದು ಏಳು.”

ಮುಬಾರಕ್ ತಪ್ಪು ಕೇಳಿಸಿತೇನೋ ಎಂದು ಪರದೆ ನೋಡಿದ. ಏಳೇ. ಕಂಡಕ್ಟರು ಬಾಗಿಲಿಗೆ ತುರುಕಿದ್ದೂ ಏಳು. ಭಾವಮೈದುನ ಹತ್ತಿ ನಿಂತದ್ದು ಏಳಕ್ಕಿಂತ ಒಂದು ಕೂದಲು ಕಡಿಮೆ.

“ಬಗ್ಗಿಸಿದ್ರೆ ಹಾಳಾಗತ್ತೆ ಅಂದ್ರಲ್ಲ ಮೇಡಂ.”

“ಬೇಗ ಮುರಿಯತ್ತೆ. ಬಿಗುಪು ಅಷ್ಟೇನೂ ಕಮ್ಮಿ ಆಗಲ್ಲ.”

“ಮತ್ತೆ ಬಗ್ಗಿಸಲೇಬೇಡಿ ಅಂತ...”

“ಅದು ನಾನು ಎಲ್ರಿಗೂ ಹೇಳೋದು. ಹಾಗನ್ನದಿದ್ರೆ ಹುಡುಗ್ರು ಕತ್ತಿವರಸೆ ಆಡ್ಕೊಂಡು ತರ್ತಾರೆ.”

ಮುಬಾರಕ್ ಪಟ್ಟಿಯನ್ನು ಕೈಗೆ ತೆಗೆದುಕೊಂಡ. ಚರಂಡಿ ಕಂಡು, ಸೋಪು ಕಂಡು, ಒಂದು ಬಸ್ಸಿನಷ್ಟು ಮೊಣಕಾಲು ಕಂಡು, ಆಮೇಲೂ ಕೇಳಿದ್ದಕ್ಕಿಂತ ಒಂದು ಹೆಚ್ಚೇ ಕೊಟ್ಟಿತ್ತು ಅವನ ಕೈಕೆಲಸ. ಅದನ್ನು ನಂಬದೆ ಹೋದವನು ಅವನೇ. ಮೊದಲು ಕಳಿಸಿದ್ದನ್ನು ತೆಗೆದು ಇದನ್ನು ಕಳಿಸಲಾಗುತ್ತದೆಯೇ ಎಂದು ಕೇಳಿದ. ಕಳಿಸಿದ್ದು ಕಳಿಸಿದ ಹಾಗೇ ಎಂದರು ಮೇಡಂ. ಅಷ್ಟು ಒಳ್ಳೆಯದು ಬಂದಿರುವಾಗ ಇದನ್ನು ಯಾಕೆ ಕಳಿಸುತ್ತೀರಿ ಎಂದೂ ಕೇಳಿದರು. ಹೋಗಲಿ ಎಂದು ಅವನು ಲೆಕ್ಕ ಹಾಕಿಕೊಂಡ. ಸಮಿತಿಗೆ ಬೇಕಾದದ್ದು ಆರು. ತಾನು ಕೊಡಲಿರುವ ತೆಪ್ಪ ಏಳರದು. ನಂಬರಿನಲ್ಲಿ ಸುಳ್ಳಿರಬಹುದು, ತೆಪ್ಪದಲ್ಲಿಲ್ಲ. ಯಾರೂ ಮುಳುಗುವುದಿಲ್ಲ, ಯಾರಿಗೂ ಮೋಸವಿಲ್ಲ. ಚಿಕ್ಕಸ್ವಾಮಿ ಹೇಳಿದ್ದು ನಿಜವೇ ಆಯಿತು. ಬಸ್ ಸ್ಟಾಪಿನವರೆಗೆ ಅವನು ಹೆಚ್ಚುಕಡಿಮೆ ಹಾಡಿಕೊಂಡೇ ಬಂದ.

ಅಲ್ಲಿ ಶಿವಶಂಕರ್ ಮತ್ತೆ ಫೋನು ಮಾಡಿದರು. ಬಾಯಲ್ಲಿನ್ನೂ ಬೋಂಡ ಇತ್ತು.

“ಸಭೇಲಿ ಚಪ್ಪಾಳೆ ಹೊಡೆದ್ರು ಕಣಯ್ಯ ಮುಬಾರಕ್. ಅಧ್ಯಕ್ಷರು ಒಂದೇ ಒಂದು ಮಾತು ಕೇಳಿದ್ರು. ನಮ್ಮ ಗಂಜಾಮಲ್ಲೇ ಮೂವತ್ತೆಂಟರ ಮಾಲು ಸಿಗೋವಾಗ ಆರಕ್ಕೆ ಯಾಕ್ರೀ ಒಪ್ಕೋಬೇಕು ಅಂತ. ನ್ಯಾಯವಾದ ಮಾತಲ್ವಾ? ಕನಿಷ್ಠ ಆರು ಅಂತ ಇದ್ದಿದ್ದನ್ನ ಹೊಡೆದು ಕನಿಷ್ಠ ಮೂವತ್ತೆಂಟು ಅಂತ ಪಾಸ್ ಮಾಡಿದ್ವಿ.”

ಮುಬಾರಕ್ ಕಂಬಕ್ಕೆ ಒರಗಿಕೊಂಡ. ಆರೇ ಸಾಕಲ್ಲವೇ ಸಾರ್, ಹೊಳೆಗೆ ಆರು ಬೇಕಾದಷ್ಟಾಯಿತು ಎಂದ. ತನ್ನ ಹತ್ತಿರ ಏಳರದ್ದೂ ಒಂದಿದೆ, ಬಹಳ ನಂಬಿಕಸ್ತ ಎಂದೂ ಸೇರಿಸಿದ. ಶಿವಶಂಕರ್ ನಕ್ಕರು. ದೊಡ್ಡ ಕೆಲಸಗಾರರಿಗೆ ಈ ಸಂಕೋಚ ಇರುವುದು ಸಹಜ ಎಂದರು.

“ಇನ್ನೊಂದು ಪಾಸಾಗಿದೆ ಕೇಳು. ಬರೋ ಒಂದೊಂದು ತೆಪ್ಪದಿಂದ್ಲೂ ನಮ್ಮೆದುರಿಗೇ ಪಟ್ಟಿ ಕುಯ್ಸಿ ಟೆಸ್ಟ್ ಮಾಡಿಸ್ತೀವಿ. ಮೂವತ್ತೆಂಟಕ್ಕೆ ಒಂದು ಕಮ್ಮಿಯಾದ್ರೂ ವಾಪಸ್ಸು. ಬೇರೆಯೋರು ಹೆದರ್ಕೋಬೇಕು, ನಿಂಗೇನು.”

ಆ ಪಟ್ಟಿ ನನ್ನದಲ್ಲ ಎಂದರೆ ಇವತ್ತೇ ಕಳ್ಳನಾಗುತ್ತಾನೆ. ನನ್ನದೇ ಎಂದರೆ ಮೊದಲ ತೆಪ್ಪ ಕೊಟ್ಟ ದಿನ ಆಗುತ್ತಾನೆ. ಬೆಳಿಗ್ಗೆ ಮನೆ ಬಿಡುವಾಗ ಅವನ ಕೈಯಲ್ಲಿದ್ದದ್ದು ಒಪ್ಪಿಗೆಯಾಗುವ ಮಾಲು. ಅದನ್ನು ಮಧ್ಯಾಹ್ನ ಅವನೇ ನಾಗಮಂಗಲದವರೆಗೆ ಬಂದು ಸೋಲಿಸಿದ್ದ. ಮುಬಾರಕ್ ಆಯ್ತು ಸಾರ್ ಎಂದು ಫೋನಿಟ್ಟ.

ನಾಗಮಂಗಲದ ಬಸ್ಸೊಂದು ಬಂದು ಹೋಯಿತು. ಅವನು ಹತ್ತಲಿಲ್ಲ. ಬಹಳ ಹೊತ್ತು ಯೋಚಿಸಿ, ಗಂಟಲು ಸರಿಮಾಡಿಕೊಂಡು, ಸರ್ದಾರ್ ಪಾಷಾಗೆ ಮತ್ತೆ ಫೋನು ಮಾಡಿದ. ಅವನ ದನಿ ಕೇಳಿ ಭಾವಮೈದುನನಿಗೆ ಸಂತೋಷವಾಯಿತು. ಬೀದಿಗೆಲ್ಲ ಜಹಾಂಗೀರು ಹಂಚಿಸಿದೆ, ಸಿದ್ದಲಿಂಗಮ್ಮ ಎರಡು ತೆಗೆದುಕೊಂಡರು ಎಂದು ಕನ್ನಡದಲ್ಲೇ ಹೇಳಿದ, ಈ ಸಲ ಬೈಯಲಿಕ್ಕಲ್ಲ, ಹೆಮ್ಮೆ ಬೀದಿಗೆಲ್ಲ ಕೇಳಲಿ ಎಂದು. ಬೆಳಿಗ್ಗೆ ಇಟ್ಟಿಗೆಯ ಮೇಲೆ ನಿಂತದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ ಎಂದೂ ಕೇಳಿಕೊಂಡ. ಮುಬಾರಕ್ ಎಲ್ಲಕ್ಕೂ ಹೂಂ ಅಂದು, ಕೊನೆಗೆ, ಮಾತಿಗೆ ಮಾತು ಬಂತು ಎಂಬಂತೆ, ಆ ಆಟೋ ಏನು ಮಾಡಿದಿರಿ ಭಾಯ್ ಎಂದು ಕೇಳಿದ.

“ನೀನ್ ಯೋಳಿದ್ ಗಳಿಗೇಲೇ ನಿಮ್ ಬೀದಿ ಮುಸವ್ವಿರ್‌ಗೆ ಕೊಟ್ಬುಟ್ಟೆ. ಪಾಪ, ಕೆಲ್ಸ ಇಲ್ದೆ ಅಲೀತಿದ್ದ. ಆಗ್ಲೇ ಲೋಡ್ ಹಾಕ್ಕಂಡ್ ಕೆ.ಆರ್.ಪೇಟೆಗೆ ಓಗವ್ನೆ. ಯಾಕೆ?”

“ಏನಿಲ್ಲ ಭಾಯ್. ಸುಮ್ನೆ ಕೇಳ್ದೆ.”

“ಒಂದ್ ಮಾತು ಮುಬಾರಕ್. ನಿನ್ ತೆಪ್ಪ ಎಲ್ಲಾನೂ ಅವನ್ ಗಾಡೀಲೇ ಸಾಗಿಸ್ತಾನೆ ಅಂತ ನಾನ್ ಮಾತ್ ಕೊಟ್ಬುಟ್ಟಿವ್ನಿ. ದೊಡ್ಡೋನಾದೆ ಅಂತ ಬ್ಯಾರೆ ಗಾಡಿ ನೋಡ್ಬುಟ್ಟೀಯ. ನನ್ ಮಾತ್ ಉಳ್ಸು.”

ಮುಬಾರಕ್ ಅದಕ್ಕೂ ಒಪ್ಪಿಕೊಂಡ.